ಕಣ್ಣು ತೊಳೆಯುವವರು

ನಾಸ್ಕಾದಲ್ಲಿ ಸೆಪ್ಟೆಂಬರಿಗೆ ನೀರು ಸಣ್ಣಗಾಗುತ್ತದೆ.
ಆಗ ಗುದ್ದಲಿ, ಬುಟ್ಟಿ, ಮೇಣದಬತ್ತಿ ಹಿಡಿದು ನಾವು ಸೇರುತ್ತೇವೆ.
ದಪ್ಪಗಿದ್ದವರು ಮೇಲೆ ನಿಂತು ಹಗ್ಗ ಎಳೆಯುವರು,
ತೆಳ್ಳಗಿದ್ದವರು ಒಳಗೆ.
ಬಡತನದಿಂದ ನನಗೆ ಸಿಕ್ಕ ಒಂದೇ ಪದವಿ ಅದು.

ನೆಲದಡಿಯ ಕಾಲುವೆಗೆ ಅಲ್ಲಲ್ಲಿ ಬಾಯಿ ತೆರೆದಿದೆ.
ಬಾಯಿ ಅನ್ನುವುದಿಲ್ಲ ನಾವು, ಕಣ್ಣು ಅನ್ನುತ್ತೇವೆ.
ಹೊಳೆಗಲ್ಲು ಪೇರಿಸಿ, ಬಸವನಹುಳುವಿನ ಚಿಪ್ಪಿನ ಹಾಗೆ
ಸುತ್ತಿ ಸುತ್ತಿ ಇಳಿಸಿದ ಹಾದಿ; ಗಾರೆಯಿಲ್ಲ, ಸುಣ್ಣವಿಲ್ಲ.
ತಳದಲ್ಲಿ ಮೊರದಗಲ ನೀರು,
ನೀರಲ್ಲಿ ಮೊರದಗಲ ಆಕಾಶ,
ಆಕಾಶದಲ್ಲಿ ಒಂದು ಪುಟ್ಟ ವಿಮಾನ.

ಆ ವಿಮಾನದವರು ಬಯಲಲ್ಲಿ ಗೀರಿದ ಕೋತಿಯನ್ನೂ ಹಕ್ಕಿಯನ್ನೂ
ಮೇಲಿನಿಂದ ನೋಡಿ, ಕಾಗದದ ಚೀಲದಲ್ಲಿ ವಾಂತಿ ಮಾಡಿಕೊಂಡು,
ಇಳಿದು ಬಂದು ನಮ್ಮನ್ನು ಕೇಳುತ್ತಾರೆ:
ಇದನ್ನೆಲ್ಲ ನಿಜವಾಗಿ ಮಾಡಿದ್ದು ಯಾರು?
ನಿಜವಾಗಿ ಎಂಬಲ್ಲಿ ದನಿ ತಗ್ಗುತ್ತದೆ,
ಬೆರಳು ಮೇಲಕ್ಕೇರುತ್ತದೆ.
ನಿಕಾನೋರ್ ಮಾವ ಪ್ಯಾಂಟು ಮಡಿಚಿ ತನ್ನ ಮೊಣಕಾಲು ತೋರಿಸುತ್ತಾನೆ,
ಮುದಿ ಲಾಮಾದ ಮೊಣಕಾಲು, ದಡ್ಡುಗಟ್ಟಿ, ಸೀಳಿ, ಕಪ್ಪಾಗಿ.
ಅದರ ಫೋಟೋ ಯಾರೂ ತೆಗೆಯುವುದಿಲ್ಲ.

ಒಳಗೆ ಹೋದರೆ ಪ್ರಶ್ನೆಗಳೇ ಬೇರೆ.
ಬತ್ತಿ ಅಲುಗಿದರೆ ಗಾಳಿ, ಗಾಳಿ ಬಂದ ಕಡೆ ಮುಂದಿನ ಕಣ್ಣು.
ಎಷ್ಟು ಇಳಿಜಾರು ಕೊಟ್ಟರೆ ನೀರು ನಡೆಯುತ್ತದೆ,
ಎಷ್ಟಾದರೆ ಓಡುತ್ತದೆ,
ಓಡಿದರೆ ಯಾವ ಕಲ್ಲನ್ನು ಕಿತ್ತುಕೊಂಡು ಓಡುತ್ತದೆ
ಎಲ್ಲ ಗೊತ್ತಿತ್ತು ಅವರಿಗೆ.
ಬರೆದಿಡಲಿಲ್ಲ. ಬರೆಯಲು ಅಕ್ಷರವೇ ಇರಲಿಲ್ಲ.
ಕಲ್ಲು ದಾಟಿಸಿದ ಹಾಗೆ
ಕೈಯಿಂದ ಕೈಗೆ ದಾಟಿಸಿದರು.
ನಡುವೆ ಎಷ್ಟು ಕೈ ಜಾರಿತೋ,
ನನ್ನವರೆಗೆ ಬಂದಿರುವುದು ಇಷ್ಟು:
ಹೂಳು ತೆಗೆ. ಬೇರು ಕತ್ತರಿಸು. ತೊಲೆ ಮುಟ್ಟಬೇಡ.

ತೊಲೆ ಹುವರಾಂಗೊ ಮರದ್ದು, ಮುಳ್ಳುಮರ.
ಅಜ್ಜಂದಿರ ಅಜ್ಜಂದಿರಿಗಿಂತ ಮೊದಲಿಂದ ಒದ್ದೆ,
ಇನ್ನೂ ಕೊಳೆತಿಲ್ಲ.
ಹೋದ ವರ್ಷ, ನಾಲ್ಕನೆಯ ಕಣ್ಣಿನಾಚೆ,
ತೊಲೆಯ ಸಂದಿಗೆ ಮೆತ್ತಿದ ಜೇಡಿಯಲ್ಲಿ
ಒಂದು ಹೆಬ್ಬೆರಳ ಗುರುತು ಕಂಡೆ.
ನನ್ನದನ್ನು ಅದರ ಮೇಲಿಟ್ಟೆ. ಹಿಡಿಸಲಿಲ್ಲ.
ಇಡೀ ಊರಿಗೆ ಸಣ್ಣ ಕೈ ನನ್ನದು.
ಅದು ಇನ್ನೂ ಸಣ್ಣದು.
ಆರು ವರ್ಷದ್ದೋ, ಏಳರದ್ದೋ.

ಹಾಗಾದರೆ ಇದೂ ಗೊತ್ತಿತ್ತು ಅವರಿಗೆ:
ಎಷ್ಟು ಇಕ್ಕಟ್ಟಿಗೆ ಎಷ್ಟು ಮಗು.

ಬತ್ತಿ ಮುಗಿಯುವವರೆಗೆ ಅಲ್ಲೇ ಇದ್ದೆ.
‘ಬಾಸಿಲಿಸಾ, ಸತ್ತೆಯೇನೇ?’ ಎಂದು ಮೇಲಿನಿಂದ ಕೂಗಿದರು.
ಹೊರಗೆ ಬಂದವಳು ಯಾರಿಗೂ ಹೇಳಲಿಲ್ಲ.

ಅವರಿಗೆ ಮರವೂ ಗೊತ್ತಿತ್ತು ಅನ್ನುತ್ತಾನೆ ಮಾವ.
ಅದರ ಬೇರು ಹತ್ತಾಳು ಕೆಳಗಿಳಿದು ನೀರು ಹುಡುಕುತ್ತದೆ,
ಎಲೆ ಮಂಜನ್ನು ಬಾಚಿ ಬುಡಕ್ಕೆ ತೊಟ್ಟಿಕ್ಕುತ್ತದೆ,
ಹುಚ್ಚು ಹೊಳೆ ಬಂದರೆ ದಂಡೆಯನ್ನು ಅವುಚಿಕೊಳ್ಳುತ್ತದೆ.
ಗೊತ್ತಿದ್ದೂ ಕಡಿದರು.
ಹತ್ತಿ ಹಾಕಬೇಕಿತ್ತು, ಮೆಕ್ಕೆಜೋಳ ಹಾಕಬೇಕಿತ್ತು,
ಇವತ್ತಿನ ಒಲೆ ಇವತ್ತೇ ಉರಿಯಬೇಕಿತ್ತು.
ಒಂದು ವರ್ಷ ಹುಚ್ಚು ಹೊಳೆ ಬಂತು.

ಈ ಮಾತು ಬಂದಾಗ ನನ್ನ ತಮ್ಮ ಗೌದೆನ್ಸಿಯೊ
ಉಗುರಿನ ಕಪ್ಪು ಕೆರೆಯುತ್ತ ಕೂರುತ್ತಾನೆ.
ರಾತ್ರಿ, ಪೊಲೀಸರು ಮಲಗಿದ ಮೇಲೆ,
ಅವನ ಕುಣಿಯಲ್ಲಿ ಹುವರಾಂಗೊ ಇದ್ದಿಲಾಗುತ್ತದೆ.
ಕೋಳಿ ಸುಡುವ ಅಂಗಡಿಗಳವರಿಗೆ
ಬೇರೆ ಇದ್ದಿಲು ಆಗಿಬರುವುದಿಲ್ಲ.
ಅವನಿಗೂ ಗೊತ್ತು.
ಅವನ ಮಗಳ ಶಾಲೆಯ ಬೂಟಿಗೂ ಗೊತ್ತು.
ಈ ವರ್ಷ ಅವಳಿಗೆ ಏಳು ತುಂಬಿತು;
ತೆಳ್ಳಗಿದ್ದಾಳೆ, ಕಣ್ಣಿನಂಚಿಗೆ ಬಂದು ಬಗ್ಗಿ ನೋಡುತ್ತಾಳೆ,
ನಾನು ಗದರಿ ಓಡಿಸುತ್ತೇನೆ.

ಸಂಜೆ ಕೊನೆಯ ಬುಟ್ಟಿ ಮೇಲೆ ಬಂದಾಗ
ನೀರು ಒಮ್ಮೆ ಕೆಮ್ಮಿ, ಕೆಂಪಗೆ ಉಗುಳಿ,
ಆಮೇಲೆ ತಿಳಿಯಾಗಿ ಹರಿಯುತ್ತದೆ.
ಕೈಕಾಲು ತೊಳೆದು ಸಾಲಾಗಿ ಕೂರುತ್ತೇವೆ.
ತಮ್ಮ ಕೋಳಿ ತಂದಿರುತ್ತಾನೆ.
ಪೊಟ್ಟಣ ಬಿಚ್ಚಿದರೆ ಆ ಮರದ ಹೊಗೆಯ ಘಮ,
ಬಾಯಲ್ಲಿ ನೀರು.
ಮೂಳೆಯನ್ನೂ ಬಿಡದೆ ಚೀಪುತ್ತೇವೆ.